ಮುರಕಲ್ಲಿನ ನೀರು, ಗಾಜಿನ ತೊಟ್ಟಿ

ಕಾಸರಗೋಡಿನಿಂದ ಬದಿಯಡ್ಕದ ಮಾರ್ಗವಾಗಿ ಮೂಡಣಕ್ಕೆ ಸಾಗಿದಂತೆ ಕಡಲಿನ ಉಪ್ಪುಗಾಳಿ ಹಿಂದೆ ಉಳಿದು ಕೆಂಪು ಗುಡ್ಡಗಳು ಎದುರಾಗುತ್ತವೆ. ಮೇಲೆ ಹುಲ್ಲು ಮಾತ್ರ ಬೆಳೆಯುವ ಬೋಳು ಪದವು, ಇಳಿಜಾರಿನಲ್ಲಿ ಗೇರುಮರ, ತಗ್ಗಿನಲ್ಲಿ ಅಡಿಕೆ ತೋಟ, ತೋಟದ ನಡುವೆ ತೋಡು. ಮನೆಯ ಗೋಡೆ, ಬಾವಿಯ ಕಟ್ಟೆ, ದೇವಸ್ಥಾನದ ಪ್ರಾಕಾರ ಎಲ್ಲವೂ ಒಂದೇ ಮುರಕಲ್ಲಿನವು. ಈ ನಾಡಿನ ನೀರಿನ ಗುಣವನ್ನು ನಿರ್ಧರಿಸುವುದೂ ಅದೇ ಕಲ್ಲು.

1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ವೃತ್ತಾಂತವನ್ನು 1807ರಲ್ಲಿ ಪ್ರಕಟಿಸಿದನು. ಮಲಬಾರಿನ ಅಂಗಾಡಿಪುರದಲ್ಲಿ ಕಂಡ, ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದೊಡನೆ ಗಟ್ಟಿಯಾಗುವ ಈ ಕಲ್ಲಿಗೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಆತನು ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ಲಕ್ಷಾಂತರ ವರ್ಷಗಳ ಮಳೆ ಹಳೆಯ ಶಿಲೆಯೊಳಗಿನ ಸುಣ್ಣಾಂಶವನ್ನೂ ಮೆಗ್ನೀಸಿಯಮನ್ನೂ ಸಿಲಿಕಾವನ್ನೂ ತೊಳೆದು ಕಡಲಿಗೆ ಸಾಗಿಸಿತು. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಆ ತೊಳೆತ ಇಂದಿಗೂ ನಿಂತಿಲ್ಲ.

ಬಾಯಾರು, ಪೈವಳಿಕೆ, ಎಣ್ಮಕಜೆ, ಕುಂಬ್ಡಾಜೆ ಕಡೆಯ ಹಿರಿಯರು ಈ ಕಲ್ಲಿನೊಳಗೆ ನೀರನ್ನು ಹುಡುಕಲು ಕಂಡುಕೊಂಡ ದಾರಿಯೇ ಸುರಂಗ. ಒಬ್ಬ ಆಳು ನಿಂತು ಅಗೆಯಬಹುದಾದಷ್ಟು ಅಗಲ ಮತ್ತು ಎತ್ತರದಲ್ಲಿ ಗುಡ್ಡದ ಬದಿಯನ್ನು ಅಡ್ಡವಾಗಿ ಕೊರೆದು ಜಿನುಗು ಸಿಕ್ಕುವವರೆಗೂ ಮುಂದುವರಿಯುವುದು, ಒಸರಿದ ನೀರನ್ನು ಹೊರಗಿನ ತೊಟ್ಟಿಗೆ ಇಳಿಸುವುದು. ಯಂತ್ರವಿಲ್ಲ, ವಿದ್ಯುತ್ತಿಲ್ಲ. ಹಿಂದೆ ಅಡಿಕೆಮರದ ದಂಬೆಯಲ್ಲಿ ಹರಿಯುತ್ತಿದ್ದ ನೀರು ಇಂದು ಪಿ.ವಿ.ಸಿ. ಕೊಳವೆಯಲ್ಲಿ ಅಂಗಳಕ್ಕೆ ಬರುತ್ತದೆ. ಅನೇಕ ಮನೆಗಳಲ್ಲಿ ಈಗ ಆ ನೀರಿಗೆ ಹೊಸದೊಂದು ಉಪಯೋಗವೂ ಸೇರಿದೆ. ಚಾವಡಿಯ ಮೂಲೆಯಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ಗಪ್ಪಿ, ಏಂಜಲ್, ನಿಯಾನ್ ಟೆಟ್ರಾ. ರಜೆಗೆ ಬಂದ ಮಕ್ಕಳ ಒತ್ತಾಯದಿಂದ ಬಂದದ್ದು ಅವರು ಹೋದ ಮೇಲೆ ಮನೆಯ ಹಿರಿಯರ ಪಾಲಿಗೆ ಉಳಿಯುವುದೂ ಉಂಟು.

ಸುರಂಗದ ನೀರು ಕಣ್ಣಿಗೆ ಸ್ಫಟಿಕದಂತಿರುತ್ತದೆ, ಬಾಯಿಗೆ ತಂಪಾಗಿರುತ್ತದೆ. ಬೇಳೆ ಇದರಲ್ಲಿ ಬೇಗ ಬೇಯುತ್ತದೆ, ಸಾಬೂನು ಚೆನ್ನಾಗಿ ನೊರೆ ಬಿಡುತ್ತದೆ. ಈ ಮನೆಮಾತಿನ ಲಕ್ಷಣಗಳನ್ನೇ ರಸಾಯನಶಾಸ್ತ್ರವು ಮೆದು ನೀರು ಎಂಬ ಹೆಸರಿನಿಂದ ಕರೆಯುತ್ತದೆ. ಅದರಲ್ಲಿ ಕರಗಿರುವ ಸುಣ್ಣಾಂಶ ಅತ್ಯಲ್ಪ. ಮುರಕಲ್ಲಿನ ಸೀಮೆಯ ಬಾವಿಗಳಲ್ಲಿ ಪಿ.ಎಚ್. ಮಾನ 6.5ಕ್ಕಿಂತ ಕೆಳಗಿರುವುದು, ಅಂದರೆ ನೀರು ತುಸು ಆಮ್ಲೀಯವಾಗಿರುವುದು, ಸಾಮಾನ್ಯ. ನೆಲದೊಳಗಿನಿಂದ ಆಗಷ್ಟೇ ಹೊರಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕೂಡ ಕರಗಿರುತ್ತದೆ. ಒಂದು ರಾತ್ರಿ ತೆರೆದ ಪಾತ್ರೆಯಲ್ಲಿಟ್ಟು ಗಾಳಿಯಾಡಿಸಿದರೆ ಆ ಅನಿಲ ಹೊರಟುಹೋಗಿ ಪಿ.ಎಚ್. ಮೇಲೇರುತ್ತದೆ. ಆದ್ದರಿಂದ ತೊಟ್ಟಿಗೆ ಸುರಿಯುವ ನೀರನ್ನು ಹಿಂದಿನ ದಿನವೇ ತೆಗೆದಿಡಬೇಕು. ಪೇಟೆಯ ನಳ್ಳಿ ನೀರಿಗೂ ಇದೇ ಕ್ರಮ ಒಳ್ಳೆಯದು. ಅಲ್ಲಿ ಹೊರಹೋಗಬೇಕಾದುದು ಕ್ಲೋರಿನ್.

ಈ ಮೆದು ನೀರು ಗಾಜಿನ ತೊಟ್ಟಿಯೊಳಗೆ ಏನಾಗುತ್ತದೆಂಬುದನ್ನು ತಿಳಿಯಲು ಮೀನಿನ ಉಸಿರು ಮತ್ತು ಮಲದಿಂದ ಹೊರಡಬೇಕು. ಅವುಗಳಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಸೋಸುಕದ ಸ್ಪಂಜಿನಲ್ಲಿಯೂ ತಳದ ಜಲ್ಲಿಯಲ್ಲಿಯೂ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ಮೂರನೆಯದು ಬಹುಮಟ್ಟಿಗೆ ನಿರಪಾಯಕಾರಿ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಹನ್ನೆರಡು ಮೀನು ಬಿಟ್ಟು, ಮೂರನೆಯ ವಾರದಲ್ಲಿ ಅಂಗಡಿಯವನನ್ನು ದೂರುವುದು ಈ ಕಾಯುವಿಕೆಯ ಅರಿವಿಲ್ಲದುದರ ಫಲ.

ಆ ಬ್ಯಾಕ್ಟೀರಿಯಾಗಳ ಕೆಲಸಕ್ಕೆ ಒಂದು ಬೆಲೆಯಿದೆ. ಅಮೋನಿಯಾ ರೂಪದ 1 ಮಿಲಿಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡುವಾಗ ಸುಮಾರು 7 ಮಿಲಿಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರತೆ ಕರಗಿಹೋಗುತ್ತದೆ. ಕ್ಷಾರತೆಯೆಂದರೆ ಆಮ್ಲವನ್ನು ತಡೆದು ನಿಲ್ಲುವ ನೀರಿನ ಶಕ್ತಿ. ಲೀಟರಿಗೆ 20 ಮಿಲಿಗ್ರಾಂ ಕ್ಷಾರತೆಯಿರುವ 100 ಲೀಟರ್ ನೀರಿನಲ್ಲಿ ಒಟ್ಟು ಕೂಡಿಟ್ಟದ್ದು 2,000 ಮಿಲಿಗ್ರಾಂ. ದಿನಕ್ಕೆ 1 ಗ್ರಾಂ ಮೀನಿನ ಆಹಾರ ಹಾಕಿ, ಅದರಿಂದ 30 ಮಿಲಿಗ್ರಾಂ ಸಾರಜನಕ ಅಮೋನಿಯಾ ಆಯಿತೆಂದು ಲೆಕ್ಕ ಹಿಡಿದರೆ, ಈ ಗಂಟು ಹತ್ತು ದಿನಗಳೊಳಗೆ ಬರಿದಾಗುತ್ತದೆ. ಆಮೇಲೆ ಪಿ.ಎಚ್. ಕುಸಿಯತೊಡಗುತ್ತದೆ. 6ರ ಕೆಳಗಿಳಿದಾಗ ಬ್ಯಾಕ್ಟೀರಿಯಾಗಳ ಕೆಲಸವೂ ಕುಂಟುತ್ತದೆ. ನೀರು ಮಾತ್ರ ಮೊದಲಿನಷ್ಟೇ ತಿಳಿಯಾಗಿ ಕಾಣುತ್ತದೆ.

ಅಪಾಯ ಬರುವುದು ಇದನ್ನು ಅವಸರದಿಂದ ಸರಿಪಡಿಸಹೊರಟಾಗ. ಆಮ್ಲೀಯ ನೀರಿನಲ್ಲಿ ಅಮೋನಿಯಾ ಬಹುತೇಕ ಅಮೋನಿಯಂ ಎಂಬ ಸೌಮ್ಯ ರೂಪದಲ್ಲಿ ಸಂಚಯವಾಗಿರುತ್ತದೆ. 25 ಡಿಗ್ರಿ ಶಾಖದಲ್ಲಿ, ಪಿ.ಎಚ್. 6ರಲ್ಲಿ ಸಾವಿರದಲ್ಲೊಂದು ಪಾಲೂ ವಿಷರೂಪದಲ್ಲಿರುವುದಿಲ್ಲ. 8ಕ್ಕೆ ಏರಿದರೆ ನೂರರಲ್ಲಿ ಐದು ಪಾಲು ವಿಷವಾಗುತ್ತದೆ. ಪರೀಕ್ಷಾ ಪಟ್ಟಿಯ ಬಣ್ಣ ನೋಡಿ ಗಾಬರಿಯಾಗಿ ಒಂದು ಚಮಚ ಅಡುಗೆ ಸೋಡಾವನ್ನೋ ವೀಳ್ಯದ ಸುಣ್ಣವನ್ನೋ ಕರಡಿ ಸುರಿದ ಮನೆಯಲ್ಲಿ ಬೆಳಗಾಗುವಾಗ ಮೀನುಗಳು ಮೇಲೆ ತೇಲುವುದು ಇದೇ ಕಾರಣಕ್ಕೆ. ಆಮ್ಲದಲ್ಲಿ ಬದುಕಿದ್ದ ಮೀನು ಅದರ ಮದ್ದಿನಿಂದ ಸಾಯುತ್ತದೆ. ಇಂಥ ತೊಟ್ಟಿಯಲ್ಲಿ ಮೊದಲು ಆಹಾರವನ್ನು ನಿಲ್ಲಿಸಿ, ದಿನಕ್ಕೆ ಹತ್ತರಲ್ಲೊಂದು ಪಾಲಿನಂತೆ ನೀರು ಬದಲಿಸುತ್ತ ಸಂಚಿತ ಅಮೋನಿಯಂ ಕಡಿಮೆಯಾದ ಮೇಲೆಯೇ ಕ್ಷಾರತೆಯನ್ನು ಏರಿಸಬೇಕು.

ಏರಿಸುವ ವಸ್ತುವನ್ನು ಈ ಕರಾವಳಿಯೇ ಕೊಡುತ್ತದೆ. ಮುರಕಲ್ಲಿನಲ್ಲಿ ಇಲ್ಲದ ಸುಣ್ಣ ಅಳಿವೆಯ ಚಿಪ್ಪಿನಲ್ಲಿದೆ. ಗೋಡೆಗೂ ವೀಳ್ಯಕ್ಕೂ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದು ಇಲ್ಲಿನ ಹಳೆಯ ಕಸುಬು. ತೊಟ್ಟಿಗೆ ಸುಟ್ಟ ಸುಣ್ಣ ಬೇಡ, ಸುಡದ ಚಿಪ್ಪು ಸಾಕು. ಮರುವಾಯಿಯ ಚಿಪ್ಪನ್ನು ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಪುಡಿಗುಟ್ಟಿ, ಒಂದು ಹಿಡಿಯಷ್ಟನ್ನು ಬಟ್ಟೆಯಲ್ಲಿ ಕಟ್ಟಿ ಸೋಸುಕದ ಬಳಿ ಇಟ್ಟರೆ, ನೀರು ಆಮ್ಲವಾದಷ್ಟೂ ಅದು ಬೇಗ ಕರಗುತ್ತದೆ, ಆಮ್ಲ ತಗ್ಗಿದಂತೆ ಕರಗುವುದೂ ನಿಧಾನವಾಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರಿನ ಬದಲಾವಣೆಯೂ ಇದರೊಡನೆ ಇರಲೇಬೇಕು; ನೈಟ್ರೇಟನ್ನು ಚಿಪ್ಪು ತೆಗೆಯಲಾರದು. ಸ್ಪಂಜನ್ನು ತೊಳೆಯುವುದಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ತೊಳೆಯಬೇಕು, ಇಲ್ಲವಾದರೆ ನಳ್ಳಿಯ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

ಮೆದು ನೀರಿನ ಇನ್ನೊಂದು ದೌರ್ಬಲ್ಯ ಮಳೆಗಾಲದಲ್ಲಿ ಪ್ರಕಟವಾಗುತ್ತದೆ. ಕೊಳೆರೋಗ ತಡೆಯಲು ಅಡಿಕೆಗೊನೆಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ, ಅಂದರೆ ತಾಮ್ರವಿದೆ. ಗಡಸು ನೀರಿನಲ್ಲಿ ಮೀನು ತಡೆದುಕೊಳ್ಳುವಷ್ಟು ತಾಮ್ರವೇ ಮೆದು ನೀರಿನಲ್ಲಿ ಮಾರಕವಾಗಬಲ್ಲುದು. ಮದ್ದು ಬಿಡುವ ದಿನಗಳಲ್ಲಿ ತೋಟದ ಕೆರೆಯ ನೀರನ್ನು ತೊಟ್ಟಿಗೆ ಸುರಿಯದಿರುವುದೇ ಲೇಸು. ಬೆಟ್ಟದ ಮೇಲೆ ಸಿಂಪಡಿಸಿದ್ದು ತಗ್ಗಿನ ನೀರಿಗೆ ಬರುತ್ತದೆಂಬ ಪಾಠವನ್ನು ಈ ಜಿಲ್ಲೆಗೆ ಹೊಸದಾಗಿ ಕಲಿಸಬೇಕಿಲ್ಲ. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಮೀನುಗಳಿಗೆ ಅತ್ಯಂತ ವಿಷಕಾರಿ ಕೀಟನಾಶಕಗಳಲ್ಲೊಂದು. ಅದು ಮನುಷ್ಯರಿಗೆ ಮಾಡಿದ್ದನ್ನು ಎಣ್ಮಕಜೆಯ ಮನೆಗಳು ಇನ್ನೂ ಹೊತ್ತಿವೆ.

ನೀರು ಇಂಥದ್ದೆಂದು ತಿಳಿದ ಮೇಲೆ ಮೀನಿನ ಆಯ್ಕೆ ಸುಲಭವಾಗುತ್ತದೆ. ನಿಯಾನ್ ಟೆಟ್ರಾ ಅಮೆಜಾನಿನ ಮೇಲ್ದಂಡೆಯ ಮೆದು, ಆಮ್ಲೀಯ ತೊರೆಗಳದು. ಬದಿಯಡ್ಕದ ಬಾವಿನೀರು ಅದಕ್ಕೆ ಪರದೇಶವಲ್ಲ. ಆಫ್ರಿಕದ ಟಾಂಗನೀಕಾ ಸರೋವರದ ಸಿಕ್ಲಿಡ್ಡುಗಳು ಪಿ.ಎಚ್. 9ರ ಸಮೀಪದ ಗಡಸು ನೀರಿನವು. ಇಲ್ಲಿ ಅವನ್ನು ಸಾಕುವುದೆಂದರೆ ಪ್ರತಿ ವಾರವೂ ಊರ ನೀರಿನೊಡನೆ ಜಗಳ. ಗಡಿಯಾಚೆಯ ಕನ್ನಡಿಗರೆಲ್ಲರ ನೀರೂ ಒಂದೇ ಬಗೆಯದಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಕರಿಗಲ್ಲಿನ ನೆಲದ ಕೊಳವೆಬಾವಿಯ ನೀರು ಗಡಸು. ಅಲ್ಲಿ ತೊಟ್ಟಿಯ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುತ್ತದೆ, ಗಪ್ಪಿ ಮತ್ತು ಮೋಲಿಗಳು ಸುಖವಾಗಿ ಮರಿ ಹಾಕುತ್ತವೆ. ಒಂದೇ ಪುಸ್ತಕದ ಒಂದೇ ಸೂತ್ರವನ್ನು ಎರಡೂ ಊರುಗಳಲ್ಲಿ ಪಾಲಿಸಿದರೆ ಒಂದು ಊರಿನ ಮೀನು ಸಾಯುವುದು ನಿಶ್ಚಯ.

ಕಾಸರಗೋಡಿನ ನೀರಿಗೆಂದೇ ಹುಟ್ಟಿದ ಚೆಲುವಾದ ಮೀನೊಂದಿದೆ. ಮೈಯುದ್ದಕ್ಕೂ ಕರಿಗೆರೆ, ಅದರ ಮೇಲೆ ಮೂತಿಯಿಂದ ನಡುಮೈವರೆಗೆ ಕೆಂಪುಗೆರೆ. ಮಲಯಾಳದಲ್ಲಿ ಚೆಂಕಣಿಯಾನ್, ವ್ಯಾಪಾರದಲ್ಲಿ ಮಿಸ್ ಕೇರಳ. 1865ರಲ್ಲಿ ಇದನ್ನು ವರ್ಣಿಸಿದ ಫ್ರಾನ್ಸಿಸ್ ಡೇ ಮದರಾಸಿನ ಗವರ್ನರ್ ಡೆನಿಸನ್ನನ ಹೆಸರನ್ನಿಟ್ಟನು. 2013ರಿಂದ ಅದರ ಕುಲನಾಮ ಸಹ್ಯಾದ್ರಿಯಾ. ಚಂದ್ರಗಿರಿ, ಕಾರ್ಯಂಗೋಡು, ವಳಪಟ್ಟಣಂ, ಚಾಲಿಯಾರ್ ಮುಂತಾದ ಹೊಳೆಗಳ ಕಲ್ಲುಗುಂಡಿಗಳು ಅದರ ನೆಲೆ. 1990ರ ದಶಕದಲ್ಲಿ ವಿದೇಶದ ತೊಟ್ಟಿಗಳಿಗಾಗಿ ಬಲೆ ಬೀಸಿದ್ದರಿಂದ ಹೊಳೆಗಳಲ್ಲಿ ಅದರ ಸಂಖ್ಯೆ ಕುಗ್ಗಿತು. ಇಂದು ಅದು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿಯಲ್ಲಿಯೂ ಸೇರಿದೆ. ತನ್ನ ಊರಿನ ನೀರಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ಮೀನನ್ನೇ ಊರವನು ಹೊಳೆಯಿಂದ ಮನೆಗೆ ತರುವಂತಿಲ್ಲ. ಆ ನಿರ್ಬಂಧ ನ್ಯಾಯವಾದುದೇ ಆಗಿದೆ.

ಅದನ್ನು ನೋಡಬೇಕಾದುದು ಹೊಳೆಯಲ್ಲಿ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಗಡಿ ದಾಟಿ ಬರುವ ಪಯಸ್ವಿನಿಯೇ ಕೆಳಗೆ ಚಂದ್ರಗಿರಿಯಾಗಿ ತಳಂಗರೆಯಲ್ಲಿ ಕಡಲನ್ನು ಸೇರುತ್ತದೆ. ತುಳುನಾಡಿಗೂ ಮಲಬಾರಿಗೂ ಮೇರೆಯೆಂದು ಹಿಂದಿನವರು ಎಣಿಸಿದ, 1967ರಲ್ಲಿ ಮಹಾಜನ ಆಯೋಗವೂ ಗೆರೆಯಾಗಿ ಹಿಡಿದ ಹೊಳೆಯಿದು. ಮೇಲ್ಭಾಗದ ತೊಡಿಕಾನದಲ್ಲಿ ದೇವರ ಮೀನುಗಳೆಂದು ಜನರು ಅಕ್ಕಿ ಹಾಕಿ ಕಾಪಾಡುವ ಗುಂಡಿಯಿದೆ. ಅಲ್ಲಿ ಪಿ.ಎಚ್. ಅಳೆಯುವವರಿಲ್ಲ. ತೊಟ್ಟಿಯ ಸ್ಪಂಜು ಮಾಡುವ ಕೆಲಸವನ್ನು ಹೊಳೆಯ ಹೊಯಿಗೆ ಮತ್ತು ಜಲ್ಲಿ ಮಾಡುತ್ತವೆ. ವಾರಕ್ಕೊಮ್ಮೆಯ ನೀರಿನ ಬದಲಾವಣೆಯನ್ನು ಹರಿವು ಕ್ಷಣಕ್ಷಣಕ್ಕೂ ಮಾಡುತ್ತದೆ. ಹೊಯಿಗೆಯನ್ನು ಬಗೆದು ಸಾಗಿಸಿದಾಗ, ಬೇಸಗೆಯಲ್ಲಿ ಪಂಪುಗಳು ಹರಿವನ್ನು ಹೀರಿದಾಗ, ಹೊಳೆಯ ಗುಂಡಿಯೂ ಸೋಸುಕ ಕೆಟ್ಟ ತೊಟ್ಟಿಯ ಸ್ಥಿತಿಗೆ ಬರುತ್ತದೆ. ಚಾವಡಿಯ ನೂರು ಲೀಟರನ್ನು ಒಂದು ವರ್ಷ ಕಾಪಾಡಿದ ಮನೆಯವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಯಿಗೆಯ ಲಾರಿ ಹೊಳೆಗೆ ಇಳಿಯುವ ದಿನ ಗ್ರಾಮಸಭೆಯಲ್ಲಿ ಮಾತಾಡಲು ಅವರಿಗೆ ಸಕಾರಣವಿದೆ.