ಸೀಟಿ ಊದದ ಅಂಪೈರ್

ಆನ್‌ಲೈನ್ ಆಟದಲ್ಲಿ ಒಬ್ಬರು ಇನ್ನೊಬ್ಬರನ್ನು ಕೊಲ್ಲುವುದು ಕಿರುಕುಳವಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಓದಿದವರೆಲ್ಲ ‘ಹುಡುಗರ ಕೈಗೆ ಮೊಬೈಲ್ ಕೊಟ್ಟಿದ್ದೇ ತಪ್ಪು’ ಎಂಬಲ್ಲಿಗೆ ಬಂದು ನಿಂತುಬಿಡುತ್ತಾರೆ. ಹೊಡೆದಾಟದ ಆಟದಲ್ಲಿ ಹೊಡೆದಾಟ ಇರಲೇಬೇಕು. ಆಟಗಾರರು ಆಟಗಾರರ ಮೇಲೆಯೇ ಬೀಳುವ ಕಾದಾಟಕ್ಕೆ ಪಿವಿಪಿ ಎನ್ನುತ್ತಾರೆ. ಕಂಪ್ಯೂಟರ್ ಸಾಕಿದ ಭೂತ ಪಿಶಾಚಿಗಳನ್ನು ಕೊಂದಾಗ ಸಿಗದ ರುಚಿ ಅದರಲ್ಲಿದೆ. ಎದುರಿಗಿರುವವನೂ ಯೋಚನೆ ಮಾಡುತ್ತಾನೆ, ಹೆದರುತ್ತಾನೆ, ಹೊಂಚು ಹಾಕುತ್ತಾನೆ ಎಂಬುದೇ ಮಜಾ. ನಾನು ನಡೆಸುತ್ತಿದ್ದ ಆಟ ಹೊಡೆದಾಟದಿಂದ ಹಾಳಾಗಲಿಲ್ಲ. ಹೊಡೆದಾಟವನ್ನು ಹದಕ್ಕೆ ತರುತ್ತೇನೆಂದು ನಾನೇ ಬರೆದ ನಿಯಮಗಳ ಮೇಲೆ ನಿಯಮದಿಂದ ಹಾಳಾಯಿತು.

ನಮ್ಮೂರು ಹಟ್ಟಿಕೇರಿ. ಅಂಕೋಲಾದಿಂದ ಕಾರವಾರಕ್ಕೆ ಗಾಡಿ ಓಡಿಸುವವರಿಗೆ ಅದು ಟೋಲ್ ನಾಕೆಯ ಹೆಸರು, ಅಷ್ಟೇ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಕಂಪನಿ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಚಿಕ್ಕಪ್ಪನ ಮಕ್ಕಳು, ಅತ್ತೆಯ ಮಕ್ಕಳು ಎಲ್ಲ ಮನೆಯಲ್ಲೇ ಕೂತು ಬೇಸತ್ತಿದ್ದರು. ಮುಂಬೈಯಲ್ಲಿರುವ ಒಂದು ಬಾಡಿಗೆ ಸರ್ವರ್ ಹಿಡಿದು ಮೈನ್‌ಕ್ರಾಫ್ಟ್ ಹಾಕಿದೆ. ಚೌಕಚೌಕದ ಇಟ್ಟಿಗೆಗಳಿಂದ ಮನೆ, ಗುಡ್ಡ, ಊರು ಕಟ್ಟುವ ಆಟ ಅದು. ಬೇಕೆಂದರೆ ಕತ್ತಿ, ಬಿಲ್ಲು ಹಿಡಿದು ಕಾದಾಡಲೂಬಹುದು. ಗೀಸರ್ ಎಂಬ ಪ್ಲಗಿನ್ ಹಾಕಿದರೆ ಮೊಬೈಲಿನವರೂ ಬಂದು ಸೇರಬಹುದು, ಹಾಗಾಗಿ ಅವರ್ಸಾ, ಬೇಲೇಕೇರಿ, ಅಂಕೋಲಾ ಪೇಟೆ, ಕಾರವಾರದ ಹುಡುಗ ಹುಡುಗಿಯರೆಲ್ಲ ಒಬ್ಬರ ಹಿಂದೆ ಒಬ್ಬರು ಬಂದರು. ಮೊದಲ ಮಳೆಗಾಲವೆಲ್ಲ ಚೆನ್ನಾಗಿಯೇ ಹೋಯಿತು. ಕರೆಂಟ್ ಹೋದರೆ ಅರ್ಧ ಊರು ಮಾಯ, ಬಂದರೆ ಮತ್ತೆ ಹಾಜರು.

ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಬ್ಜಿ ಮೊಬೈಲ್ ಅದರಲ್ಲೊಂದು. ಅಕ್ಟೋಬರ್ 30ಕ್ಕೆ ಆ ಆಟದ ಸರ್ವರ್‌ಗಳೂ ನಮ್ಮ ದೇಶಕ್ಕೆ ಬಂದ್ ಆದವು. ಗುಂಡು ಹೊಡೆಯಲು ಜಾಗವಿಲ್ಲದ ಹುಡುಗರು ನನ್ನ ಸರ್ವರಿಗೆ ಬಂದರು. ಅವರು ಬಂದದ್ದಕ್ಕೆ ನನಗೆ ಬೇಜಾರೇನೂ ಇರಲಿಲ್ಲ, ಸತ್ಯ ಹೇಳಬೇಕೆಂದರೆ ಹೆಮ್ಮೆಯೇ ಆಗಿತ್ತು. ರಾತ್ರಿ ಒಂಬತ್ತಕ್ಕೆ ಪಟ್ಟಿ ನೋಡಿದರೆ ಹೆಸರುಗಳ ಜಾತ್ರೆ.

ಆ ಹೊತ್ತಿಗಾಗಲೇ ಒಬ್ಬಳು ಅಲ್ಲಿ ಕಾಳಿ ಸೇತುವೆ ಕಟ್ಟಿ ಮುಗಿಸಿದ್ದಳು. ಅಂಕೋಲಾದಲ್ಲಿ ಬಿ.ಎಸ್ಸಿ. ಓದುತ್ತಿದ್ದ ಹುಡುಗಿ. ಈ ಕಡೆ ಕೋಡಿಬಾಗ, ಆ ಕಡೆ ಸದಾಶಿವಗಡದ ಗುಡ್ಡ, ನಡುವೆ ಕಂಬದ ಮೇಲೆ ಕಂಬ, ಕೆಳಗೆ ನಾಲ್ಕು ದೋಣಿ. ಗುಡ್ಡದ ಮೇಲಿನ ಕೋಟೆಯಲ್ಲಿ ನಿಂತು ಬಾಣ ಬಿಟ್ಟಳೆಂದರೆ ಸೇತುವೆ ದಾಟುವವನಿಗೆ ಉಳಿಗಾಲವಿಲ್ಲ. ಕಟ್ಟುವುದರಲ್ಲೂ ಕಾದುವುದರಲ್ಲೂ ಅವಳಷ್ಟು ಪಳಗಿದವರು ಸರ್ವರಿನಲ್ಲಿ ಇನ್ನೊಬ್ಬರಿರಲಿಲ್ಲ. (ನಿಜವಾದ ಹಳೇ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಅವಳದ್ದು ಅದಕ್ಕಿಂತ ಬಹಳ ಮೊದಲೇ ಟಿಎನ್‌ಟಿಗೆ ಹೋಗಿತ್ತು.)

ಒಂದು ರಾತ್ರಿ ನನ್ನ ಚಿಕ್ಕಪ್ಪನ ಮಗ ಅವಳ ಕೈಯಲ್ಲಿ ಎಲ್ಲರೆದುರಿಗೇ ಸೋತ. ಮತ್ತೆ ಹೋದ, ಮತ್ತೆ ಸೋತ. ಚಾಟಿನಲ್ಲಿ ನಗೆಯೋ ನಗೆ. ಆಮೇಲಿನಿಂದ ಅವನೂ ಅವನ ದೋಸ್ತಿಗಳೂ ಅವಳ ಮಂಚದ ಬಳಿ ಕಾಯತೊಡಗಿದರು. ಈ ಆಟದಲ್ಲಿ ಸತ್ತವರು ತಾವು ಮಲಗಿದ್ದ ಮಂಚದ ಪಕ್ಕದಲ್ಲೇ ಮತ್ತೆ ಹುಟ್ಟುತ್ತಾರೆ. ಹುಟ್ಟಿದ ಕೂಡಲೇ ಕೊಲ್ಲುವುದು, ಮತ್ತೆ ಹುಟ್ಟಿದರೆ ಮತ್ತೆ ಕೊಲ್ಲುವುದು. ಕೈಯಿಂದ ಬಿದ್ದ ಸಾಮಾನು ಐದು ನಿಮಿಷಕ್ಕೆ ಮಾಯವಾಗುತ್ತದೆ, ಅದು ಮಾಯವಾಗುವ ತನಕ ಸುತ್ತುಗಟ್ಟಿ ನಿಲ್ಲುವುದು. ಬೈಗುಳ ಒಂದೂ ಇಲ್ಲ. ಕೆಟ್ಟ ಪದ ಹಿಡಿಯಲು ನಾನು ಹಾಕಿದ್ದ ಫಿಲ್ಟರಿಗೆ ಸಿಗುವಂಥದ್ದೇನೂ ಇರಲಿಲ್ಲ. ಅವಳು ಲಾಗಿನ್ ಆದ ಕ್ಷಣಕ್ಕೆ ‘ಊಟ ಆಯ್ತಾ?’ ಎಂದು ಐದು ಹೆಸರುಗಳಿಂದ ಐದು ಸಾಲು, ದಿನಾಲೂ. ಕಾಲೇಜು ಮತ್ತೆ ತೆರೆದ ಮೇಲೆ ಒಂದು ಸಂಜೆ ಅದೇ ಚಾಟಿನಲ್ಲಿ ಬಂದದ್ದು: ‘ಇವತ್ತು ಹಸಿರು ಚೂಡಿದಾರ.’

ಅವಳಿಂದ ನನಗೆ ಮೆಸೇಜ್ ಬಂತು. ‘ಅಣ್ಣಾ, ಪಿವಿಪಿ ತೆಗೀಬೇಡಿ. ಹೊಡೆದಾಡೋದು ನಂಗೂ ಇಷ್ಟ. ಅವ್ರು ನನ್ನ ಬೆನ್ನಿಗೆ ಬೀಳೋದನ್ನ ನಿಲ್ಸಿ ಸಾಕು.’

ಇದಕ್ಕಿಂತ ಸ್ಪಷ್ಟವಾಗಿ ಯಾರೂ ದೂರು ಬರೆಯಲಾರರು. ನಾನು ಅದನ್ನು ಓದಿ, ಪಿವಿಪಿಯ ಸೆಟ್ಟಿಂಗ್ ಬದಲಿಸಿದೆ.

ಮೊದಲ ನಿಯಮ: ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಪಿವಿಪಿ ಆಫ್ ಮಾಡಿಕೊಳ್ಳಬಹುದು. ಆಫ್ ಇದ್ದವರನ್ನು ಯಾರೂ ಹೊಡೆಯಲಾಗದು, ಅವರೂ ಯಾರನ್ನೂ ಹೊಡೆಯಲಾಗದು. ಕಾಗದದ ಮೇಲೆ ನ್ಯಾಯವೇ. ಆದರೆ ಮಾರನೆಯ ದಿನವೇ ಆ ಐವರೂ ಆಫ್ ಮಾಡಿಕೊಂಡು ಅವಳ ಹಿಂದೆ ನಡೆದರು. ಈಗ ಅವರ ಮೈ ಮುಟ್ಟಲು ಅವಳಿಗೂ ಆಗದು. ಬಾಗಿಲಿಗೆ ಅಡ್ಡ ನಿಂತರು, ನಡೆಯುವ ದಾರಿಯಲ್ಲಿ ಬಕೆಟಿನಿಂದ ಲಾವಾ ಸುರಿದರು, ದೋಣಿಗಳನ್ನು ಒಡೆದರು. ಲಾವಾಕ್ಕೆ ಬಿದ್ದು ಸತ್ತರೆ ಅದು ‘ಅಪಘಾತ’. ಶೀಲ್ಡ್ ಕೊಟ್ಟದ್ದು ಅವಳಿಗೆಂದು, ಅದನ್ನು ಮೊದಲು ತೊಟ್ಟವರು ಅವರು. ಕ್ಲಾಷ್ ಆಫ್ ಕ್ಲಾನ್ಸ್ ಆಡಿದವರಿಗೆ ಇದು ಹೊಸತಲ್ಲ. ಟೌನ್‌ಹಾಲನ್ನು ಬೇಕೆಂದೇ ಕೋಟೆಯ ಹೊರಗಿಟ್ಟು, ಯಾರಾದರೂ ಅದೊಂದನ್ನು ಒಡೆದುಹೋದರೆ ಸಿಗುವ ಶೀಲ್ಡಿನ ಮರೆಯಲ್ಲಿ ಗಂಟೆಗಟ್ಟಲೆ ನೆಮ್ಮದಿಯಾಗಿರುವ ಉಪಾಯ ಎಲ್ಲರಿಗೂ ಗೊತ್ತಿತ್ತು. 2015ರ ಡಿಸೆಂಬರಿನಲ್ಲಿ ಆ ಆಟದ ಕಂಪನಿ ಶೀಲ್ಡಿನ ಲೆಕ್ಕವನ್ನೇ ಬದಲಿಸಬೇಕಾಯಿತು.

ನಾನೂ ಲೆಕ್ಕ ಬದಲಿಸಿದೆ. ಆನ್ ಆಫ್ ನಡುವೆ ಕಾಯುವ ಹೊತ್ತು ಇಟ್ಟೆ. ಆಮೇಲೆ ಎಣಿಕೆ: ಒಂದೇ ದಿನ ಒಬ್ಬನೇ ಒಬ್ಬರನ್ನು ಮೂರು ಸಲ ಕೊಂದರೆ ಅದು ಕಿರುಕುಳ, ಸರ್ವರ್ ತಾನಾಗಿಯೇ ಬ್ಯಾನ್ ಮಾಡುತ್ತದೆ. ಐವರು ಸರದಿ ಹಾಕಿಕೊಂಡರು, ತಲೆಗೆ ಎರಡು. ಅಷ್ಟೇ ಅಲ್ಲ, ಕವಚವಿಲ್ಲದೆ, ಕತ್ತಿಯಿಲ್ಲದೆ ಅವರಲ್ಲೊಬ್ಬ ಅವಳ ಕೋಟೆಗೆ ನುಗ್ಗುತ್ತಲೇ ಹೋದ. ಅವಳು ತನ್ನ ಮನೆ ಕಾಯ್ದುಕೊಂಡಳು, ಒಂದು, ಎರಡು, ಮೂರು. ನನ್ನ ಯಂತ್ರ ಯಾವ ಅಳುಕೂ ಇಲ್ಲದೆ ಅವಳನ್ನೇ ಹೊರಗೆ ಹಾಕಿತು. ಬೆಳಿಗ್ಗೆ ಎದ್ದು ನೋಡಿದಾಗ ಚಾಟಿನಲ್ಲಿ ಮೆರವಣಿಗೆ ನಡೆದಿತ್ತು.

ಇದೆಲ್ಲ ನನಗೆ ಮಾತ್ರ ಆದದ್ದೆಂದು ಆಗ ಅಂದುಕೊಂಡಿದ್ದೆ. ಓದುತ್ತಾ ಹೋದರೆ ನನಗಿಂತ ದೊಡ್ಡವರೆಲ್ಲ ಇದೇ ಗುಂಡಿಗೆ ಬಿದ್ದವರು. 1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒರಿಜಿನ್ ಸಂಸ್ಥೆ ಅಲ್ಟಿಮಾ ಆನ್‌ಲೈನ್ ಎಂಬ ಆಟ ತಂದಿತು. ಸಾವಿರಾರು ಜನ ಒಟ್ಟಿಗೆ ಬಾಳುವ ಲೋಕವದು. ಊರಿನ ಗಡಿ ದಾಟಿದರೆ ಯಾರು ಯಾರನ್ನು ಬೇಕಾದರೂ ಕೊಲ್ಲಬಹುದಿತ್ತು. ಅದರ ಮುಖ್ಯ ವಿನ್ಯಾಸಕ ರಾಫ್ ಕಾಸ್ಟರ್‌ಗೆ ಸಮಾಜ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬ ನಂಬಿಕೆ. ಕೊಲೆಗಾರರ ಹೆಸರು ಕೆಂಪಾಗುವ ಏರ್ಪಾಟು ಮಾಡಿದರು, ಕೀರ್ತಿ ಅಪಕೀರ್ತಿಯ ಅಂಕ ಕೊಟ್ಟರು. ಪುಂಡರು ಆ ಅಂಕದ ಲೆಕ್ಕವನ್ನೇ ಕಲಿತು, ಅಮಾಯಕರೇ ಅಪರಾಧಿಗಳಾಗುವಂತೆ ಆಟವಾಡಿಸಿದರು. ಕೊನೆಗೆ 2000ದಲ್ಲಿ ಲೋಕವನ್ನೇ ಎರಡು ಮಾಡಿದರು. ಒಪ್ಪಿಗೆಯಿಲ್ಲದೆ ಯಾರೂ ಹೊಡೆಯಲಾಗದ ಟ್ರಾಮೆಲ್ ಒಂದು, ಹಳೆಯ ಕಾಡಿನ ಕಾನೂನಿನ ಫೆಲುಕ್ಕಾ ಇನ್ನೊಂದು. ಜನರಲ್ಲಿ ಹೆಚ್ಚಿನವರು ಟ್ರಾಮೆಲ್ಲಿಗೆ ಗುಳೆ ಹೋದರು. ಬೇಟೆಯಿಲ್ಲದ ಬೇಟೆಗಾರರು ಫೆಲುಕ್ಕಾದಲ್ಲಿ ಉಳಿದರು. ಆಟದ ಜೀವವೇ ಹೋಯಿತೆಂದು ಹಳಬರು ಈಗಲೂ ಗೊಣಗುತ್ತಾರೆ. ನನಗೆ ಆ ಗೊಣಗಾಟ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಎದುರು ದಿಕ್ಕಿನ ಎಡವಟ್ಟೂ ಇದೆ. 2016ರಲ್ಲಿ ಬಂದ ಓವರ್‌ವಾಚ್ ಆಟದಲ್ಲಿ ‘ಈ ಆಟಗಾರ ನನಗೆ ಬೇಡ’ ಎನ್ನುವ ಗುಂಡಿಯಿತ್ತು, ಕಿರುಕುಳ ಕೊಡುವವರಿಂದ ದೂರವಿರಲೆಂದು. ಜನ ಅದನ್ನು ಚೆನ್ನಾಗಿ ಆಡುವವರ ಮೇಲೂ ಒತ್ತಿದರು. ವಿಡೋಮೇಕರ್ ಪಾತ್ರದಲ್ಲಿ ಪಳಗಿದ ಒಬ್ಬ ಆಟಗಾರನಿಗೆ ಜೊತೆಗೆ ಆಡುವವರೇ ಸಿಗದಂತಾಯಿತು. ಅವನ ತಪ್ಪು ಗೆಲ್ಲುತ್ತಿದ್ದುದು, ಅಷ್ಟೇ. ಕೆಲವೇ ವಾರಗಳಲ್ಲಿ ಕಂಪನಿ ಆ ಗುಂಡಿಯನ್ನು ಕಿತ್ತುಹಾಕಿತು. ನನ್ನಲ್ಲೂ ಐದು ರಿಪೋರ್ಟ್ ಬಿದ್ದರೆ ಆಟಗಾರ ವಾರದ ಮಟ್ಟಿಗೆ ಹೊರಗೆ ಎಂಬ ನಿಯಮವಿತ್ತು. ಬೇಲೇಕೇರಿಯ ಮೀನುಗಾರರ ಮನೆಯ ಒಬ್ಬ ಹುಡುಗ, ಅಪ್ಪನ ಜೊತೆ ದೋಣಿಗೆ ಹೋಗಿ ಬಂದು ಸಂಜೆ ಆಡುತ್ತಿದ್ದವನು, ಯಾರ ತಂಟೆಗೂ ಹೋಗದವನು, ಆ ನಿಯಮಕ್ಕೆ ಎರಡು ಸಲ ಬಲಿಯಾದ. ಅವನಿಗೆ ಸೋತವರು ಕೂತು ರಿಪೋರ್ಟ್ ಒತ್ತಿದ್ದರು.

ಇಷ್ಟಾದರೂ ನಿಯಮಗಳನ್ನು ಪೂರ್ತಿ ದೂರುವಂತಿಲ್ಲ. ಅವು ಮಾಡಲಾಗದ ಕೆಲಸವನ್ನು ನಾನು ಅವುಗಳ ಮೇಲೆ ಹೇರಿದ್ದೆ, ಏಕೆಂದರೆ ಆ ಕೆಲಸ ನನಗೆ ಬೇಡವಾಗಿತ್ತು. ಯಾರು ಎಲ್ಲಿ ಯಾವ ಇಟ್ಟಿಗೆ ಒಡೆದರು ಎಂಬುದನ್ನೆಲ್ಲ ಬರೆದಿಡುವ ಪ್ಲಗಿನ್ ನನ್ನ ಬಳಿ ಇತ್ತು. ತೆರೆದು ನೋಡಿದ್ದೆ ಕೂಡ. ಅವಳು ಲಾಗಿನ್ ಆದ ಹೊತ್ತು, ನನ್ನ ಚಿಕ್ಕಪ್ಪನ ಮಗ ಲಾಗಿನ್ ಆದ ಹೊತ್ತು, ಒಂದರ ಕೆಳಗೊಂದು ಅಂಟಿಕೊಂಡಂತೆ ಇದ್ದವು. ಸೇತುವೆಗೆ ಟಿಎನ್‌ಟಿ ಇಟ್ಟವನ ಹೆಸರೂ ಅಲ್ಲಿತ್ತು. ಅವನು ಪಕ್ಕದ ಮನೆಯಲ್ಲಿ, ಒಂದೇ ಅಂಗಳದ ಆಚೆ, ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿರುತ್ತಿದ್ದ. ಒಂದು ಸಲ ಕೇಳಿದ್ದೆ, ‘ಎಂತ ಅದು, ಆ ಹುಡುಗಿ ವಿಷಯ?’ ‘ಆಟ ಅಲ್ವನೋ ಅಣ್ಣಾ’ ಎಂದ. ನಾನು ಹೌದೆಂದುಕೊಂಡು ಒಳಗೆ ಬಂದೆ. ಚಿಕ್ಕಪ್ಪನ ಕಿವಿಗೆ ಹಾಕಿದರೆ ಮನೆಯಲ್ಲಿ ರಂಪ, ಚೌತಿ ಹಬ್ಬಕ್ಕೆ ಮುಖ ನೋಡುವುದು ಹೇಗೆ ಎಂಬೆಲ್ಲ ಲೆಕ್ಕಾಚಾರ. ಅದರ ಬದಲು ರಾತ್ರಿ ಕೂತು ಇನ್ನೊಂದು ನಿಯಮ ಬರೆದರೆ ಏನೋ ಮಾಡಿದೆ ಎಂಬ ಸಮಾಧಾನ. ಪ್ರೋಗ್ರಾಮ್ ಬರೆಯಲು ಬಲ್ಲವರಿಗೆ ಈ ಸಮಾಧಾನ ಬಹಳ ಸುಲಭಕ್ಕೆ ಸಿಗುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಲೈಟ್ ಹಾಕಿ ಕಬಡ್ಡಿ ಆಡಿಸುತ್ತಾರೆ. ಗೆರೆಯೊಳಗೆ ಬಂದವನನ್ನು ಆರೇಳು ಜನ ಮೇಲೆ ಬಿದ್ದು ಹಿಡಿದರೂ ಅದು ಆಟ, ಕಾಲು ಉಳುಕಿದರೂ ಆಟ. ಸೀಟಿ ಆದ ಮೇಲೂ ಕಾಲು ಬಿಡದಿದ್ದರೆ ಅದು ಬೇರೆ. ಅದನ್ನು ಹೇಳಲು ಹಿಡಿತದ ಬಿಗಿಯನ್ನು ಯಾರೂ ಅಳೆಯುವುದಿಲ್ಲ, ಒಬ್ಬ ಅಂಪೈರ್ ನೋಡುತ್ತಿರುತ್ತಾನೆ. ಆ ಅಂಪೈರ್ ತನ್ನೂರಿನ ತಂಡ ಎಂದು ಸೀಟಿ ಊದದಿದ್ದರೆ, ಅಂಕಣದ ಗೆರೆಯನ್ನು ಎಷ್ಟು ಸಲ ಹೊಸದಾಗಿ ಎಳೆದರೂ ಅಷ್ಟೇ.

ಕಾನೂನು ಕೂಡ ಹೊಡೆತ ಎಣಿಸುವುದಿಲ್ಲ. 2013ರಲ್ಲಿ ದಂಡ ಸಂಹಿತೆಗೆ 354ಡಿ ಎಂಬ ಕಲಮು ಸೇರಿತು, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಾಗಿದೆ. ಹೆಣ್ಣೊಬ್ಬಳು ಬೇಡವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಬೆನ್ನು ಹತ್ತಿ ಸಂಪರ್ಕಿಸುವುದು, ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆ ಆಗಬಹುದು. ‘ಬೇಡವೆಂದ ಮೇಲೂ’, ‘ಮತ್ತೆ ಮತ್ತೆ’ ಎಂಬ ಎರಡು ಮಾತಿನ ಮೇಲೆ ಆ ಕಲಮು ನಿಂತಿದೆ. ಅವಳ ಮೆಸೇಜಿನಲ್ಲೂ ಇದ್ದದ್ದು ಅವೇ ಎರಡು. ಹಸಿರು ಚೂಡಿದಾರದ ಸಾಲು ಬಂದ ದಿನ ಆ ವಿಷಯ ಆಟದಿಂದ ಹೊರಬಿದ್ದು ಅಂಕೋಲಾ ಬಸ್‌ಸ್ಟ್ಯಾಂಡಿಗೆ ಬಂದಿತ್ತು. ನಾನಿನ್ನೂ ಮೂರು ಸಲವೋ ನಾಲ್ಕು ಸಲವೋ ಎಂದು ಲೆಕ್ಕ ಹಾಕುತ್ತಿದ್ದೆ.

ಬ್ಯಾನ್ ತೆಗೆದು ಕ್ಷಮೆ ಕೇಳಿದೆ. ಅವಳ ಉತ್ತರ ಎರಡು ದಿನ ಬಿಟ್ಟು ಬಂತು. ‘ಅವ್ನು ನಿಮ್ಮ ತಮ್ಮ ಅಂತ ಈಗ ಗೊತ್ತಾಯ್ತು. ಮೊದ್ಲೇ ಹೇಳಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ ಅಣ್ಣಾ.’ ಆಮೇಲೆ ಅವಳ ಹೆಸರು ಪಟ್ಟಿಯಲ್ಲಿ ಕಾಣಿಸಲಿಲ್ಲ. ಅವಳ ಹಿಂದೆ ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ಬಿಟ್ಟರು, ಕಟ್ಟುವವರು ಹೋದ ಮೇಲೆ ಕೆಡವಲು ಏನೂ ಉಳಿಯದೆ ಹುಡುಗರೂ ಬಿಟ್ಟರು. 2021ರ ಜುಲೈ 2ಕ್ಕೆ ಪಬ್ಜಿಯ ಜಾಗದಲ್ಲಿ ಬಿಜಿಎಂಐ ಬಂದಾಗ ನನ್ನ ಸರ್ವರಿನಲ್ಲಿ ದೀಪ ಹಚ್ಚುವವರಿರಲಿಲ್ಲ. ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದೆ.

ತಮ್ಮನ ಜೊತೆ ಕೊನೆಗೂ ಮಾತಾಡಿದೆ, ಚಿಕ್ಕಪ್ಪನ ಎದುರಿಗೇ. ರಂಪವಾಯಿತು, ಒಂದು ಚೌತಿಗೆ ಅವರು ನಮ್ಮ ಮನೆಗೆ ಬರಲಿಲ್ಲ. ಆಡುವವರೆಲ್ಲ ಹೋದ ಮೇಲೆ ಊದಿದ ಸೀಟಿ ಅದು, ಅವಳಿಗೆ ಅದರಿಂದ ಏನೂ ಆಗಲಿಲ್ಲ.

ಈಗ ಮತ್ತೊಂದು ಸಣ್ಣ ಸರ್ವರ್ ಇದೆ. ಕಟ್ಟುವವರ ಲೋಕ ಬೇರೆ, ಕಾದುವವರ ಲೋಕ ಬೇರೆ, ಬೇಕಾದವರು ದಾಟಬಹುದು, ಅಲ್ಟಿಮಾದವರಿಂದ ಕಲಿತದ್ದು. ತಾನಾಗಿಯೇ ಬ್ಯಾನ್ ಮಾಡುವ ನಿಯಮ ಒಂದೂ ಇಲ್ಲ. ಸೇರುವಾಗಲೇ ಪ್ರತಿಯೊಬ್ಬರ ಮನೆಯವರ ಫೋನ್ ನಂಬರ್ ಬರೆದುಕೊಳ್ಳುತ್ತೇವೆ. ಬೇಲೇಕೇರಿಯ ಆ ಹುಡುಗ ನನ್ನ ಜೊತೆ ದೂರು ನೋಡಿಕೊಳ್ಳುತ್ತಾನೆ. ನನ್ನ ನೆಂಟರ ವಿಷಯ ಬಂದರೆ ತೀರ್ಮಾನ ಪೂರ್ತಿ ಅವನದ್ದು, ಅವನ ನೆಂಟರ ವಿಷಯ ಬಂದರೆ ನನ್ನದು. ನೀವೂ ಇಂಥದ್ದೊಂದು ನಡೆಸುತ್ತಿದ್ದರೆ, ಆಟವಾಗಲಿ, ಊರಿನ ವಾಟ್ಸ್‌ಆ್ಯಪ್ ಗ್ರೂಪಾಗಲಿ, ದೂರು ಬಂದ ದಿನವೇ ಒಂದು ಫೋನ್ ಮಾಡಿ. ದೂರು ಕೊಟ್ಟವರಿಗೆ ಮೊದಲು, ದೂರು ಯಾರ ಮೇಲೋ ಅವರಿಗೆ ಆಮೇಲೆ.