ಹೊಳಪೇರಿದ ತುದಿ

ಬಸವಾದಿ ಶರಣರು ಅನುಭಾವವನ್ನು ನಿತ್ಯದ ಬದುಕಿನ ಹೊರಗೆ ಅರಸಿದವರಲ್ಲ. ಕೈಯಲ್ಲಿ ಹಿಡಿದ ಉಪಕರಣದಲ್ಲಿಯೇ ಅದನ್ನು ಕಂಡವರು. ಅಂಬಿಗರ ಚೌಡಯ್ಯನವರಿಗೆ ಹುಟ್ಟು, ನುಲಿಯ ಚಂದಯ್ಯನವರಿಗೆ ಹುಲ್ಲಿನ ಹಗ್ಗ, ಮಡಿವಾಳ ಮಾಚಿದೇವರಿಗೆ ಬಟ್ಟೆ ಒಗೆಯುವ ಕಲ್ಲು ಅರಿವಿನ ಸಾಧನಗಳಾದವು. ಮಾದಾರ ಚೆನ್ನಯ್ಯನವರಂತೂ ತಮ್ಮ ವಚನಗಳ ಅಂಕಿತದಲ್ಲಿಯೇ ಚರ್ಮ ಕೊಯ್ಯುವ ಉಳಿ, ಕತ್ತಿ, ಗೂಟಗಳನ್ನು ಹೆಸರಿಸಿ, ಅವುಗಳಿಗೆ ಅಡಿಯಾಳಾಗದೆ ತನ್ನ ನಿಜವನ್ನು ಅರಿಯಬೇಕೆಂದು ಎಚ್ಚರಿಸಿದರು. ಉಪಕರಣವು ಅರಿವಿಗೆ ದಾರಿಯಾಗಬಲ್ಲದು, ಮನುಷ್ಯನನ್ನು ಆಳಲೂಬಲ್ಲದು ಎಂಬ ಎರಡೂ ಮಾತುಗಳು ಆ ಒಂದು ಅಂಕಿತದಲ್ಲಿ ಅಡಗಿವೆ.

ಮಠದ ಶಿವಾನುಭವ ಗೋಷ್ಠಿಯಲ್ಲಿ ಹಿರಿಯ ಭಕ್ತರೊಬ್ಬರು ಹೇಳಿಕೊಂಡ ಸಂಗತಿಯೊಂದು ಈ ಅಂಕಿತಕ್ಕೆ ಬರೆದ ವ್ಯಾಖ್ಯಾನದಂತಿದೆ. ಅವರ ಒಪ್ಪಿಗೆಯಿಂದ, ಹೆಸರನ್ನು ಹೇಳದೆ, ಅದನ್ನು ಇಲ್ಲಿ ನಿರೂಪಿಸಲಾಗಿದೆ.

ಅವರು ಬ್ಯಾಂಕೊಂದರಲ್ಲಿ ದುಡಿದು 2022ರಲ್ಲಿ ನಿವೃತ್ತರಾಗಿ ಹುಬ್ಬಳ್ಳಿಯಲ್ಲಿ ನೆಲೆಸಿದವರು. ಮೂವತ್ತು ವರ್ಷಗಳಿಂದ ಒಂದು ದಿನವೂ ಇಷ್ಟಲಿಂಗ ಪೂಜೆಯನ್ನು ತಪ್ಪಿಸಿದವರಲ್ಲ. ನಸುಕಿನಲ್ಲಿ ಎದ್ದು, ಮಿಂದು, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿರಿಸಿ ದೃಷ್ಟಿ ನೆಟ್ಟು ಕುಳಿತರೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಇಂಥವರು ಗೋಷ್ಠಿಯಲ್ಲಿ ಎದ್ದುನಿಂತು ಸ್ನೂಕರ್ ಆಟದ ಮಾತೆತ್ತಿದಾಗ ನೆರೆದವರಿಗೆ ಬೆರಗಾದದ್ದು ಸಹಜ.

ಸ್ನೂಕರ್ ಹುಟ್ಟಿದ್ದು ಭಾರತದ ನೆಲದಲ್ಲಿಯೇ. 1875ರಲ್ಲಿ ಜಬಲಪುರದ ಸೈನಿಕ ಠಾಣ್ಯದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಅಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣಬಣ್ಣದ ಚೆಂಡುಗಳನ್ನು ಸೇರಿಸಿ ಈ ಆಟವನ್ನು ಕಟ್ಟಿದನೆಂದೂ, ಅದರ ನಿಯಮಗಳು ಬಳಿಕ ಉದಕಮಂಡಲದ ಕ್ಲಬ್ಬಿನಲ್ಲಿ ರೂಪುಗೊಂಡವೆಂದೂ ಇತಿಹಾಸ ಹೇಳುತ್ತದೆ. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಮೇಜು. ಅದರ ಮೇಲೆ ಹಸಿರು ಬನಾತು. ಹದಿನೈದು ಕೆಂಪು ಚೆಂಡುಗಳು, ಆರು ಬೇರೆ ಬಣ್ಣದವು, ಎಲ್ಲವನ್ನೂ ಹೊಡೆಯಲು ಒಂದು ಬಿಳಿಯ ಚೆಂಡು. ಆಟಗಾರನ ಕೈಯಲ್ಲಿರುವ ಕ್ಯೂ ಎಂಬ ಕೋಲು ಬಿಳಿಯ ಚೆಂಡನ್ನಲ್ಲದೆ ಬೇರೊಂದನ್ನು ಮುಟ್ಟುವಂತಿಲ್ಲ. ಆ ಕೋಲಿನ ತುದಿಯಲ್ಲಿ ಹಿತ್ತಾಳೆಯ ಪುಟ್ಟ ಬಳೆ; ಅದರ ಮೇಲೆ ಅಂಟಿಸಿದ, ಸುಮಾರು ಒಂಬತ್ತೂವರೆ ಮಿಲಿಮೀಟರ್ ಅಗಲದ ಚರ್ಮದ ಬಿಲ್ಲೆ. ಅದನ್ನೇ ಟಿಪ್ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೋಲಿಗೆ ಚರ್ಮದ ತುದಿಯನ್ನು ತಂದ ಶ್ರೇಯಸ್ಸು ಫ್ರಾನ್ಸಿನ ಮಿಂಗೋ ಎಂಬಾತನಿಗೆ ಸಲ್ಲುತ್ತದೆ. ನುಣುಪಾದ ಚೆಂಡನ್ನು ಬರಿಯ ಕಟ್ಟಿಗೆಯ ತುದಿ ಹಿಡಿಯಲಾರದು, ಚರ್ಮ ಹಿಡಿಯುತ್ತದೆ.

ಈ ಭಕ್ತರು 1986ರಲ್ಲಿ ಗುಮಾಸ್ತರಾಗಿ ಬೆಂಗಳೂರಿಗೆ ಹೋದಾಗ ಆಟವನ್ನು ಕಲಿತರು. ಕೈ ಪಳಗಿತು, ಹೆಸರು ಬಂದಿತು, ಹೆಸರಿನ ಬೆನ್ನಿಗೆ ಪಣವೂ ಬಂದಿತು. ಮೊದಲು ಚಹಾದ ಲೆಕ್ಕ, ಆಮೇಲೆ ಹತ್ತು ರೂಪಾಯಿ, ಆಮೇಲೆ ನೂರು. 1992ರಲ್ಲಿ ತಂಗಿಗೆ ಬಿ.ಎಡ್. ಓದಲು ಬೆಂಗಳೂರಿನಲ್ಲಿ ಸೀಟು ಸಿಕ್ಕಿತು. ನವಲಗುಂದದ ಕಡೆಯ ಹಳ್ಳಿಯಿಂದ ತಂದೆ, ಹತ್ತಿ ಮಾರಿದ ಹಣದಲ್ಲಿ 1800 ರೂಪಾಯಿಗಳನ್ನು ಶುಲ್ಕಕ್ಕೆಂದು ಮಗನಿಗೆ ಕಳಿಸಿದರು. ಒಂದೇ ರಾತ್ರಿಯಲ್ಲಿ ಅದು ಮೇಜಿನ ಪಾಲಾಯಿತು. ಸಂಬಳ ಮೊದಲೇ ಸಾಲಕ್ಕೆ ಹೋಗಿತ್ತು. ಬಸ್ಸಿನಲ್ಲಿ ಕಿಸೆಗಳ್ಳತನವಾಯಿತೆಂದು ತಂದೆಗೆ ಕಾಗದ ಬರೆದರು. ತಂದೆ ನಂಬಿದರು. ತಂಗಿ ಆ ವರ್ಷ ಊರಿನಲ್ಲಿಯೇ ಉಳಿದಳು.

ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದಿದೆ. ಕಾಯಕಕ್ಕೆ ಮೀರಿದ ಒಂದು ಹಿಡಿಯೂ ಆಸೆಯ ಹೊರೆ. ಪಣದ ಆಟವು ಆ ಒಂದು ಹಿಡಿಯಿಂದಲೇ ಮೊದಲಾಗುತ್ತದೆ. ಆದರೆ ಅದು ತಂದಲ್ಲಿಗೆ ಮರಳಿ ಹೋಗಲು ಬಿಡುವುದಿಲ್ಲ.

ಅಂದೇ ಅವರು ಲಿಂಗವನ್ನು ಕೈಯಲ್ಲಿ ಹಿಡಿದು ಇನ್ನು ಪಣವಿಟ್ಟು ಆಡುವುದಿಲ್ಲವೆಂದು ವ್ರತ ತೊಟ್ಟರು. ಪಣವನ್ನಷ್ಟೇ ಅಲ್ಲ, ಆಟವನ್ನೂ ಬಿಟ್ಟರು, ಕೋಲನ್ನು ಚೀಲದಲ್ಲಿ ಕಟ್ಟಿ ಅಟ್ಟಕ್ಕೇರಿಸಿದರು. ಅಂದಿನಿಂದ ನೇಮವಂತರಾದರು; ಅದರ ಜೊತೆಗೆ ಬಿರುಸೂ ಆದರು. 2003ರಲ್ಲಿ ಬೆಂಗಳೂರಿನ ತರುಣ ಪಂಕಜ್ ಅಡ್ವಾಣಿ ಚೀನಾದಲ್ಲಿ ನಡೆದ ವಿಶ್ವ ಹವ್ಯಾಸಿ ಸ್ನೂಕರ್ ಪಂದ್ಯಾವಳಿಯನ್ನು ಗೆದ್ದ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಆ ಪುಟವನ್ನು ಮಡಚಿಟ್ಟು ಎದ್ದುಹೋದರಂತೆ. 2017ರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗ ಗೆಳೆಯರೊಡನೆ ಸ್ನೂಕರ್ ಆಡುತ್ತಾನೆಂದು ತಿಳಿದಾಗ, ನೆಂಟರಿಷ್ಟರ ಎದುರಿಗೆ ಅವನನ್ನು ಜೂಜುಕೋರನೆಂದು ಕರೆದರು. ಮಗ ಒಂದು ಪೈಸೆಯನ್ನೂ ಪಣಕ್ಕೆ ಇಟ್ಟವನಲ್ಲ. ಅವನು ಕೇಳಿದ್ದು ಒಂದೇ ಮಾತು: "ನಿಮಗ ಈ ಆಟದ ಬಗ್ಗೆ ಏನು ಗೊತ್ತೈತಿ, ಅಪ್ಪಾ?" ಅದಕ್ಕೆ ತಂದೆ ಉತ್ತರ ಕೊಡಲಿಲ್ಲ. ಅಂದಿನಿಂದ ಮಗ ತಾಯಿಯೊಡನೆ ಮಾತ್ರ ಮಾತಾಡತೊಡಗಿದ.

2024ರ ಆರಂಭದಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಪತ್ನಿ ಕೇಳಿದರು: "ಅಟ್ಟದಾಗ ನಿಮ್ಮದೊಂದು ಕೋಲು ಐತ್ರಿ. ಇಡೂದೋ, ಒಗೆಯೂದೋ?" ಅವರು ಚೀಲವನ್ನು ಬಿಚ್ಚಿದರು. ಕೋಲು ಒಂದಿಷ್ಟೂ ಬಾಗಿರಲಿಲ್ಲ. ಆ ರಾತ್ರಿ ಅವರಿಗೆ ಒಂದು ಸತ್ಯ ಹೊಳೆಯಿತು: ಪಣವನ್ನು ಬಿಟ್ಟದ್ದು ವ್ರತ, ಕೋಲನ್ನು ಅಡಗಿಸಿಟ್ಟದ್ದು ಭಯ. ಎರಡನ್ನೂ ಒಂದೇ ಎಂದು ಇಷ್ಟು ವರ್ಷ ತಿಳಿದಿದ್ದರು.

ವಾರದ ಬಳಿಕ ಊರಿನ ಕ್ಲಬ್ಬೊಂದರಲ್ಲಿ, ಬೆಳಗಿನ ಹೊತ್ತು ಮೇಜು ಖಾಲಿ ಇರುವಾಗ, ಒಬ್ಬರೇ ಆಡಲು ನಿಂತರು. ಎಡಗೈಯನ್ನು ಬನಾತಿನ ಮೇಲೆ ಊರಿ, ಹೆಬ್ಬೆರಳನ್ನು ಎತ್ತಿ, ಕೋಲಿಗೆ ಆಸರೆ ಮಾಡಿದರು. ಆ ಕೈ ನಡುಗಲಿಲ್ಲ. ಲಿಂಗವನ್ನು ಹಿಡಿದು ಮೂವತ್ತು ವರ್ಷ ಅಲುಗದೆ ಕುಳಿತ ಕೈ ಅದು. ಪೂಜೆ ಕೊಟ್ಟ ಸ್ಥಿರತೆ ಇಲ್ಲಿಯೂ ಬಂದಿತೆಂದು ಒಳಗೊಳಗೇ ಸಂಕೋಚವೂ ಸಂತೋಷವೂ ಆದವು. ಆದರೆ ಚೆಂಡಿನ ನಡುವಿನಿಂದ ತುಸು ಕೆಳಗೆ ಹೊಡೆದೊಡನೆ ಕೋಲು ಟಕ್ಕೆಂದು ಜಾರಿತು. ಚೆಂಡು ಎತ್ತಲೋ ಉರುಳಿತು. ಮತ್ತೆ ಹೊಡೆದರು, ಮತ್ತೆ ಜಾರಿತು. ಚಾಕ್ ಹಚ್ಚಿದರೆ ನಿಲ್ಲುತ್ತಿರಲಿಲ್ಲ.

ಕ್ಲಬ್ಬಿನ ಮಾರ್ಕರ್ ಬಂದು ಟಿಪ್ಪಿನ ಮೇಲೆ ಉಗುರಿನಿಂದ ಬಡಿದು ನೋಡಿದ. ಕಲ್ಲಿನ ಸದ್ದು ಬಂದಿತು. "ಭಾಳ ಹೊಳೀತೈತ್ರಿ ಸರ್, ಅದಕ್ಕ ಹಿಡಿಯಂಗಿಲ್ಲ" ಎಂದ. ಟಿಪ್ ಚೆಂಡನ್ನು ಮುಟ್ಟುವ ಕಾಲ ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ. ಅಷ್ಟರಲ್ಲಿ ಚರ್ಮ ತುಸು ತಗ್ಗಿ ಚೆಂಡನ್ನು ಹಿಡಿದು ಬಿಡಬೇಕು. ಗಟ್ಟಿಯಾಗಿ ಹೊಳಪೇರಿದ ಚರ್ಮ ತಗ್ಗುವುದಿಲ್ಲ, ಚಾಕಿನ ಪುಡಿಯನ್ನೂ ಉಳಿಸಿಕೊಳ್ಳುವುದಿಲ್ಲ. ನೋಡುವವರಿಗೆ ಅದು ಪಕ್ವವಾದಂತೆ ಕಾಣುತ್ತದೆ. ನಿಜದಲ್ಲಿ ಅದು ಮುಚ್ಚಿಕೊಂಡಿರುತ್ತದೆ.

ಮಾರ್ಕರ್ ಹಳೆಯ ಟಿಪ್ಪನ್ನು ಕೊಯ್ದು ತೆಗೆದ. ಬಳೆಯ ಮೇಲಿನ ಹಳೆಯ ಅಂಟನ್ನು ಪೂರ್ತಿ ಕೆರೆದು ಸಮ ಮಾಡಿದ. ಒಂದು ಚೂರು ಉಳಿದರೂ ಹೊಸದು ನೆಟ್ಟಗೆ ಕೂರುವುದಿಲ್ಲವೆಂದ. ಹೊಸ ಬಿಲ್ಲೆಯ ತಳವನ್ನು ಉಪ್ಪುಕಾಗದದಿಂದ ತಿಕ್ಕಿ, ಅಂಟು ಹಾಕಿ ಒತ್ತಿ ಹಿಡಿದ. ಅಂಟು ಒಣಗಿದ ಮೇಲೆ ಕೋಲನ್ನು ತಲೆಕೆಳಗಾಗಿ ಹಲಗೆಯ ಮೇಲೆ ನಿಲ್ಲಿಸಿ, ಬಳೆಯಿಂದ ಆಚೆ ಚಾಚಿದ ಚರ್ಮವನ್ನು ಬ್ಲೇಡಿನಿಂದ ಸವರಿದ. ಕೊನೆಗೆ ಅರದಿಂದ ತುದಿಗೆ ಗುಮ್ಮಟದ ದುಂಡನ್ನು ಕೊಟ್ಟ. ಕೆಲಸ ಮುಗಿಯಿತೆಂದು ಇವರು ತಿಳಿದರು. ಆದರೆ ಅದು ಆಗತಾನೇ ಮೊದಲಾಗಿತ್ತು. ಹೊಸ ಟಿಪ್ ಹತ್ತಿಯಂತೆ ಮೆತ್ತಗೆ. ಹೊಡೆತದ ಸದ್ದೇ ಕಿವಿಗೆ ಬೀಳದು, ಚೆಂಡು ಎಣಿಸಿದಷ್ಟು ದೂರ ಹೋಗದು. ಮೂರನೆಯ ದಿನಕ್ಕೆ ಅಂಚುಗಳು ಅಣಬೆಯಂತೆ ಹರಡಿದವು. ಕೆಟ್ಟಿತೆಂದು ಭಾವಿಸಿ ಮನೆಗೆ ತಂದರು.

ಆ ಸಂಜೆ ಅವರು ಮಾಡಿದ ಕೆಲಸವೇ ಈ ಸಂಗತಿಯ ತಿರುಳು. ಏಳು ವರ್ಷಗಳ ಬಳಿಕ ಮಗನಿಗೆ ತಾವೇ ಫೋನು ಮಾಡಿದರು. ಯೋಗಕ್ಷೇಮ ಕೇಳಲು ಬಾಯಿ ಬರಲಿಲ್ಲ. "ಹೊಸಾ ಟಿಪ್ ಹಾಕಿಸೇನಿ, ಅಂಚು ಹರಡಾಕತ್ತೈತಿ. ಏನು ಮಾಡಬೇಕು?" ಎಂದರು. ಅತ್ತ ಕಡೆ ಬಹಳ ಹೊತ್ತು ಮೌನ. ಆಮೇಲೆ ಮಗ, "ಯಾರ ಕ್ಯೂ ಅಪ್ಪಾ?" ಎಂದ. "ನಂದು" ಎಂದರು. ಆಗ ಎಲ್ಲವನ್ನೂ ಹೇಳಬೇಕಾಯಿತು: ಬೆಂಗಳೂರು, ಪಣ, ಹತ್ತಿಯ ಹಣ, ಕಿಸೆಗಳ್ಳನ ಸುಳ್ಳು. ಮಗ ಸಮಾಧಾನವನ್ನೂ ಹೇಳಲಿಲ್ಲ, ದೂರಲೂ ಇಲ್ಲ. ಟಿಪ್ಪಿನ ಮಾತಿಗೆ ಮಾತ್ರ ಉತ್ತರ ಕೊಟ್ಟ: "ಹರಡೋದು ಅದರ ಸ್ವಭಾವ. ಹರಡಿದಷ್ಟು ಸವರ್ರಿ, ಮತ್ತ ಆಡ್ರಿ. ಅರ ಭಾಳ ಹಾಕಬ್ಯಾಡ್ರಿ. ಆಡ್ತಾ ಆಡ್ತಾ ತಾನ ಕೂಡ್ತೈತಿ."

ಅದರಂತೆ ನಿತ್ಯ ಒಂದು ತಾಸು ಆಡಿದರು. ಹೊಡೆತದಿಂದ ಹೊಡೆತಕ್ಕೆ ಚರ್ಮದ ಎಳೆಗಳು ಒತ್ತಿ ಕುಳಿತವು. ಹರಡಿದ ಅಂಚನ್ನು ಎರಡು ಸಲ ಸವರಿದರು. ಮೂರನೆಯ ಸಲ ಸವರುವಷ್ಟು ಹರಡಲಿಲ್ಲ. ಸುಮಾರು ಮೂರು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಹೊಡೆತದ ಸದ್ದು ಬದಲಾಯಿತು. ಬಿಳಿಯ ಚೆಂಡು ಕೆಂಪನ್ನು ಮುಟ್ಟಿ, ಕ್ಷಣ ನಿಂತು, ಹೇಳಿದ ಮಾತು ಕೇಳುವ ಮಗುವಿನಂತೆ ಹಿಂದಕ್ಕೆ ಉರುಳಿ ಬಂದಿತು. ಹಳೆಯ ಆಟವೇನೂ ಮರಳಲಿಲ್ಲ. ಕಣ್ಣು ಮೊದಲಿನಂತಿಲ್ಲ, ಸೊಂಟ ಬಾಗುವುದಿಲ್ಲ. ಆದರೆ ತುದಿ ಚೆಂಡನ್ನು ಹಿಡಿಯಿತು.

ಮೃದುವಾದ ಮಾತೇ ಸಕಲ ಜಪ, ಸಕಲ ತಪ ಎಂಬುದು ಬಸವಣ್ಣನವರ ನಿಲುವು. ಜಪತಪಗಳನ್ನು ಹಳಿಯುವುದು ಅದರ ಉದ್ದೇಶವಲ್ಲ. ಜಪತಪಗಳ ಫಲವು ಎಲ್ಲಿ ಕಾಣಬೇಕೆಂಬುದನ್ನು ಅದು ತೋರಿಸುತ್ತದೆ. ನೇಮವು ಕೈಯನ್ನು ಸ್ಥಿರಗೊಳಿಸುತ್ತದೆ. ಆದರೆ ಎದುರಿನವರನ್ನು ಮುಟ್ಟುವುದು ಕೈಯಲ್ಲ, ಮಾತಿನ ತುದಿ. ಕೈ ಎಷ್ಟೇ ಸ್ಥಿರವಿದ್ದರೂ ತುದಿ ಕಲ್ಲಾಗಿದ್ದರೆ ಮುಟ್ಟಿದ್ದೆಲ್ಲ ಜಾರುತ್ತದೆ. ಈ ಭಕ್ತರ ಪೂಜೆಯಲ್ಲಿ ಕೊರತೆಯಿರಲಿಲ್ಲ. ತಪ್ಪನ್ನು ಬಿಟ್ಟೆನೆಂಬ ಹೆಮ್ಮೆ, ತಪ್ಪನ್ನು ಹೇಳದೆ ಮುಚ್ಚಿಟ್ಟ ಅಳುಕು, ಇವೆರಡೂ ಕೂಡಿ ಮಾತಿನ ಮೇಲೆ ಹೊಳಪಿನ ಪದರವಾಗಿದ್ದವು. ನಿಷ್ಠೆಯೆಂದು ಲೋಕ ಮೆಚ್ಚಿದ ಆ ಹೊಳಪಿನ ಮೇಲೆ ಮಗನ ಒಂದು ಪ್ರಶ್ನೆಯೂ ನಿಲ್ಲಲಿಲ್ಲ. ಚೆನ್ನಯ್ಯನವರು ಹೇಳಿದ ಅಡಿಯಾಳುತನ ಕೋಲನ್ನು ಹಿಡಿದಾಗ ಮಾತ್ರ ಇರುವುದಿಲ್ಲ. ಅದಕ್ಕೆ ಹೆದರಿ ಅಟ್ಟಕ್ಕೇರಿಸಿದಾಗಲೂ ಇರುತ್ತದೆ.

ಗೋಷ್ಠಿಯಲ್ಲಿ ಈ ಮಾತನ್ನು ಹೇಳುವ ಮೊದಲು ಅವರು ಧಾರವಾಡದಲ್ಲಿರುವ ತಂಗಿಯ ಮನೆಗೆ ಹೋಗಿ, 1992ರ ಹಣ ಎಲ್ಲಿ ಹೋಯಿತೆಂಬುದನ್ನು ಹೇಳಿ ಬಂದರು. ಆಕೆ ಮರುವರ್ಷ ಓದಿ, ಶಿಕ್ಷಕಿಯಾಗಿ ದುಡಿದವರು. ಕೇಳಿಸಿಕೊಂಡು ಎದ್ದು ಒಳಗೆ ಹೋದರು, ಚಹಾ ತಂದಿಟ್ಟರು, "ಎಷ್ಟಿತ್ತು ಅಣ್ಣಾ ರೊಕ್ಕ?" ಎಂದು ಮಾತ್ರ ಕೇಳಿದರು. ಆಮೇಲೆ ಒಂದು ತಿಂಗಳು ಫೋನು ಎತ್ತಲಿಲ್ಲ. ತಿಂಗಳ ಮೇಲೆ ಯಾರದೋ ಕೈಯಲ್ಲಿ ಗುರೆಳ್ಳು ಚಟ್ನಿಯ ಡಬ್ಬಿಯೊಂದನ್ನು ಕಳಿಸಿದರು. ಅದನ್ನು ಕ್ಷಮೆಯೆಂದು ಕರೆಯಲು ಅವರು ಒಪ್ಪುವುದಿಲ್ಲ. ಹೊಸ ಚರ್ಮ ಕೂರಲು ಅದರದೇ ಕಾಲ ಬೇಕು ಎನ್ನುತ್ತಾರೆ.

ದೀಪಾವಳಿಗೆ ಮಗ ಊರಿಗೆ ಬಂದಿದ್ದ. ತಂದೆಯ ಕೋಲನ್ನು ಕೈಗೆತ್ತಿಕೊಂಡು, ಟಿಪ್ಪಿನ ಮೇಲೆ ಹೆಬ್ಬೆರಳನ್ನು ಒತ್ತಿ ನೋಡಿ, "ಚಲೋ ಕುಂತೈತಿ" ಎಂದನಂತೆ. ಮರುದಿನ ಬೆಳಿಗ್ಗೆ ಪೂಜೆ ಮುಗಿದ ಬಳಿಕ ಇಬ್ಬರೂ ಕ್ಲಬ್ಬಿಗೆ ಹೋದರು. ಪಣವಿರಲಿಲ್ಲ. ಗೆದ್ದವರು ಯಾರೆಂದು ಗೋಷ್ಠಿಯಲ್ಲಿ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.