ಹಲ್ಲಿನಲ್ಲಿ ಕಚ್ಚಿ ಹಿಡಿದ ಮುಖ

ಮುಖವಾಡವೆಂದರೆ ತಲೆಯ ಹಿಂದೆ ದಾರ ಕಟ್ಟಿ ಧರಿಸುವಂಥದ್ದು ಎಂದೇ ನಾನು ತಿಳಿದಿದ್ದೆ. ಕೆಲವು ವರ್ಷಗಳ ಹಿಂದೆ ಜಾವಾದ ಉತ್ತರ ಕರಾವಳಿಯ ಚಿರೆಬೊನ್‌ಗೆ ಹೋಗಿದ್ದಾಗ ಮುಖವಾಡ ಕೆತ್ತುವ ಹಿರಿಯರೊಬ್ಬರು ಬಿಳಿ ಬಣ್ಣದ್ದೊಂದನ್ನು ಕೈಗಿತ್ತು ಒಳಮೈ ತೋರಿಸಿದರು. ದಾರವೇ ಇಲ್ಲ. ಬಾಯಿಯ ಜಾಗದಲ್ಲಿ ಚರ್ಮದ ಒಂದು ತುಂಡು. ಕಚ್ಚಿಕೊಳ್ಳಿ ಎಂದು ಸನ್ನೆ ಮಾಡಿದರು. ಕಚ್ಚಿಕೊಂಡೆ. ಎರಡು ನಿಮಿಷದಲ್ಲಿ ದವಡೆ ನೋಯತೊಡಗಿತು, ಬಾಯಲ್ಲಿ ಜೊಲ್ಲು ತುಂಬಿತು, ಉಸಿರಿಗೆ ಮೂಗೇ ಗತಿ. ಕಣ್ಣಿಗೆ ಎರಡು ಸೀಳುಗಳಷ್ಟೇ. ಎದುರಿಗಿದ್ದವರ ಕಾಲು ಕಂಡಿತೇ ಹೊರತು ಮುಖ ಕಾಣಲಿಲ್ಲ. ನನ್ನ ಅವಸ್ಥೆ ಕಂಡು ಅವರು ನಕ್ಕುಬಿಟ್ಟರು.

ಇದು ತೊಪೆಂಗ್. ಮುಖವಾಡಕ್ಕೂ ಅದನ್ನು ಧರಿಸಿ ಆಡುವ ನೃತ್ಯ ನಾಟಕಕ್ಕೂ ಅಲ್ಲಿ ಅದೇ ಹೆಸರು. ಚಿರೆಬೊನ್ ಕಡೆಯ ಆಟದಲ್ಲಿ ಒಬ್ಬರೇ ಕಲಾವಿದರು ಒಂದಾದ ಮೇಲೊಂದರಂತೆ ಐದು ಮುಖ ಧರಿಸುತ್ತಾರೆ: ಪಂಜಿ, ಸಂಬಾ, ರುಮ್ಯಾಂಗ್, ತುಮೆಂಗುಂಗ್, ಕ್ಲಾನಾ. ಕೆಂಪು ಮುಖದ ಕ್ಲಾನಾ ಸಿಟ್ಟು, ದುರಾಸೆಗಳ ಮೂರ್ತಿ, ಅಬ್ಬರಿಸಿ ಕುಣಿಯುತ್ತಾನೆ. ಆದರೆ ಕಷ್ಟದ್ದು ಬಿಳಿಯ ಪಂಜಿಯಂತೆ. ಗಮೆಲಾನ್‌ನ ಕಂಚಿನ ವಾದ್ಯಗಳು ಭೋರ್ಗರೆಯುತ್ತಿರುವಾಗ ನರ್ತಕಿ ಹೆಚ್ಚುಕಡಿಮೆ ನಿಂತೇ ಇರುತ್ತಾಳೆ. ಬೆರಳು ಮಿಸುಕಿತೋ ಇಲ್ಲವೋ ಎಂಬಷ್ಟು ನಿಧಾನ. ಸೂಫಿಗಳ ಅರಿವಿನ ಹಂತಗಳನ್ನು ಈ ಮುಖಗಳಲ್ಲಿ ಕಾಣುವವರಿದ್ದಾರೆ. ಜಾವಾದ ಒಂಬತ್ತು ವಲಿಗಳಲ್ಲೊಬ್ಬರಾದ ಸುನಾನ್ ಕಲಿಜಾಗ ಧರ್ಮಬೋಧೆಗೆ ಈ ಆಟವನ್ನು ಬಳಸಿದರೆಂಬ ಐತಿಹ್ಯವೂ ಇದೆ. ಚರಿತ್ರೆಯೆಂದು ನಾನು ಹೇಳಲಾರೆ. ಮದುವೆಗೂ ಸುನ್ನತಿಗೂ ಇದನ್ನು ಆಡಿಸಿಕೊಂಡು ಬಂದವರು ಮುಸ್ಲಿಮರು, ಆಡುವವರೂ ಮುಸ್ಲಿಮರು. ಕಲಿಯುವಾಗ ಉಪವಾಸ ಹಿಡಿಯುವುದೂ ಈ ವಿದ್ಯೆಯ ಭಾಗ. ಮುಖವಾಡ, ಕುಣಿತ, ಹೆಣ್ಣು ಈ ಮೂರನ್ನೂ ಒಂದೆಡೆ ಕಂಡಿದ್ದರೆ ನಮ್ಮ ಮನೆಯಲ್ಲಿ ಮುಖ ತಿರುಗಿಸುತ್ತಿದ್ದರು. ನಾನೂ ತಿರುಗಿಸುತ್ತಿದ್ದೆನೋ ಏನೋ.

ಮುಖವಾಡ ಕೆತ್ತುತ್ತಿದ್ದ ಆ ಹಿರಿಯರ ಮಾತಿನಲ್ಲಿ ಮತ್ತೆ ಮತ್ತೆ ಬಂದ ಹೆಸರು ಪಕ್ಕದ ಇಂದ್ರಮಾಯುವಿನ ರಸಿನಾ. ಅಲ್ಲಿಯವರಿಗೆ ಅವರು ಮಿಮಿ ರಸಿನಾ. ಮಿಮಿ ಎಂದರೆ ತಾಯಿ. 1930ರಲ್ಲಿ ಹುಟ್ಟಿದ ಅವರು ತಂದೆಯಿಂದ ಎಳವೆಯಲ್ಲೇ ಕಲಿತವರು. ಜನ ಬೇರೆ ಮನರಂಜನೆಗಳತ್ತ ಹೊರಳಿದಾಗ ಆಟಕ್ಕೆ ಕರೆಯುವವರಿಲ್ಲದಾಯಿತು. ಎರಡು ದಶಕಗಳ ಕಾಲ ಅವರು ಮುಖವಾಡ ಧರಿಸಲೇ ಇಲ್ಲ. 1994ರಲ್ಲಿ ಎಂದೊ ಸುಆಂದಾ, ತೊತೊ ಅಮ್ಸಾರ್ ಸುಆಂದಾ ಎಂಬ ಕಲಾವಿದ್ವಾಂಸರಿಬ್ಬರು ಹುಡುಕಿಕೊಂಡು ಹೋಗಿ, ಮತ್ತೊಮ್ಮೆ ಕುಣಿಯುತ್ತೀರಾ ಎಂದು ಕೇಳಿದರು. ಅರುವತ್ತು ದಾಟಿದ್ದ ಆ ಅಜ್ಜಿ ಎದ್ದು ನಿಂತರು. ಆಮೇಲೆ ಜಪಾನ್, ಯುರೋಪುಗಳಿಗೂ ಹೋಗಿ ಬಂದರು.

ಇದನ್ನು ಕೇಳುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ದೊಡ್ಡಮ್ಮ. ಮದುವೆಯ ಹಿಂದಿನ ರಾತ್ರಿ ಹೆಂಗಸರ ನಡುವೆ ಕೂತು ಕೈತಟ್ಟಿ ಹಾಡುತ್ತಿದ್ದವರು, ಯಾವುದೋ ಒಂದು ಮದುವೆಯಿಂದಾಚೆಗೆ ಹಾಡಲಿಲ್ಲ. ಯಾಕೆ ನಿಲ್ಲಿಸಿದಿರಿ ಎಂದು ನಾವ್ಯಾರೂ ಕೇಳಲಿಲ್ಲ. ಅವರ ಒಂದು ಹಾಡೂ ಈಗ ಮನೆಯಲ್ಲಿ ಯಾರಿಗೂ ಪೂರ್ತಿ ಬಾರದು.

ರಸಿನಾ ಅವರಿಗೆ 2006ರಲ್ಲಿ ಪಾರ್ಶ್ವವಾಯು ಬಡಿಯಿತು. 2008ರಲ್ಲಿ ತಮ್ಮ ಮುಖವಾಡವನ್ನು ಮೊಮ್ಮಗಳು ಏರ್ಲಿಗೆ ಒಪ್ಪಿಸಿದರು. ಹಾಗೆಂದು ಮನೆಯಲ್ಲಿ ಕೂರಲಿಲ್ಲ. 2010ರ ಆಗಸ್ಟ್‌ನಲ್ಲಿ, ತೀರಿಕೊಳ್ಳುವ ಕೆಲವೇ ದಿನಗಳ ಮೊದಲು, ಸ್ವಾಧೀನ ತಪ್ಪಿದ ದೇಹ ಹೊತ್ತು ಜಕಾರ್ತಾದ ವೇದಿಕೆಗೆ ಬಂದಿದ್ದರು.